ಗೆದ್ದವನ ಜೇಬೂ ಖಾಲಿ: ಸಿವಿಲ್ ದಾವೆಯ ಖರ್ಚು ಯಾರ ತಲೆಗೆ?

ಕಾಸರಗೋಡು: ಸಿವಿಲ್ ದಾವೆಯ ತೀರ್ಪು ಬಂದ ಬಳಿಕ ಕೈಗೆ ಸಿಗುವ ಡಿಕ್ರಿಯ ಪ್ರತಿಯಲ್ಲಿ ಊರಿನವರು ಮುಖ್ಯ ಭಾಗವನ್ನಷ್ಟೇ ಓದಿಸಿ ಕೇಳುತ್ತಾರೆ. ಜಾಗ ಯಾರಿಗಾಯಿತು, ದಾರಿ ಬಿಡಬೇಕೋ ಬೇಡವೋ ಎಂದು ತಿಳಿದರೆ ಮುಗಿಯಿತು. ಕೆಳಗೆ ಒಂದು ಸಣ್ಣ ಪಟ್ಟಿ ಇರುತ್ತದೆ. ಒಂದು ಬದಿಗೆ ವಾದಿ, ಇನ್ನೊಂದು ಬದಿಗೆ ಪ್ರತಿವಾದಿ. ದಾವೆಯ ಸ್ಟಾಂಪು, ವಕಾಲತ್ತಿನ ಸ್ಟಾಂಪು, ದಾಖಲೆಗಳ ಸ್ಟಾಂಪು, ವಕೀಲರ ಫೀಸು, ಸಾಕ್ಷಿಗಳ ಭತ್ಯೆ, ಕಮಿಷನರ ಫೀಸು, ನೋಟಿಸು ಜಾರಿಯ ಖರ್ಚು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಡಿಕ್ರಿ ನಮೂನೆಯಲ್ಲಿ ಇರುವುದು ಇಷ್ಟೇ, ಏಳು ಬಾಬ್ತು.

ದಾವೆಯ ಖರ್ಚು ಯಾರು ಹೊರಬೇಕು ಎಂಬ ಪ್ರಶ್ನೆಗೆ ಕಾನೂನು ಕೊಟ್ಟ ಉತ್ತರ ಈ ಪಟ್ಟಿಯಲ್ಲಿದೆ. ಸಂಹಿತೆಯ 35ನೇ ಸೆಕ್ಷನ್ ಪ್ರಕಾರ ಸೋತವನು ಗೆದ್ದವನ ಖರ್ಚು ಕೊಡುವುದು ಸಾಮಾನ್ಯ ನಿಯಮ. ಹಾಗೆ ಕೊಡಿಸದಿದ್ದರೆ ನ್ಯಾಯಾಧೀಶರು ಕಾರಣವನ್ನು ಬರೆಯಬೇಕು. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಏರ್ಪಾಡು ಬೇರೆ ಬೇಕಿಲ್ಲ. ಆದರೆ ಅನುಭವದಿಂದ ಹುಟ್ಟಿದ ಗಾದೆ ಬೇರೆಯೇ ಹೇಳುತ್ತದೆ: ಗೆದ್ದವ ಸೋತ, ಸೋತವ ಸತ್ತ. ಗೆದ್ದವನಿಗೆ ಸೋತವನಿಂದ ಖರ್ಚು ಸಿಗುವಂತಿದ್ದರೆ ಈ ಗಾದೆಗೆ ಇಷ್ಟು ಆಯುಸ್ಸು ಇರುತ್ತಿರಲಿಲ್ಲ. ಗಡಿನಾಡಿನಲ್ಲಂತೂ ಅದರ ಭಾರ ಒಂದು ತೂಕ ಹೆಚ್ಚು. ಕಾರಣ, ಇಲ್ಲಿಯ ಕಕ್ಷಿದಾರ ಹೊರುವ ಎರಡು ದೊಡ್ಡ ಖರ್ಚುಗಳು, ಭಾಷೆಯದು ಮತ್ತು ದೂರದ್ದು, ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ಗಡಿತಂಟೆಯ ಲೆಕ್ಕ

ಉದಾಹರಣೆಗೆ ಕಾಸರಗೋಡಿನ ಒಳನಾಡಿನಲ್ಲಿ ಇಬ್ಬರು ನೆರೆಯವರ ನಡುವಿನ ಗಡಿತಂಟೆಯೊಂದನ್ನು ತೆಗೆದುಕೊಳ್ಳಬಹುದು. ಹೆಸರು ಬೇಡ, ಇಂಥ ದಾವೆ ಯಾವ ಪಂಚಾಯತಿನಲ್ಲಿ ಇಲ್ಲ? ಅಡಿಕೆ ತೋಟದ ಅಂಚಿನಲ್ಲಿ ಒಂದು ಹಳೆಯ ತೋಡು. ಮಳೆಗೆ ತೋಡು ತನ್ನ ದಾರಿ ಬದಲಿಸಿತು. ಒಬ್ಬನು ಬೇಲಿಯನ್ನು ಮುಂದೆ ತಂದ. ಮಾತಿಗೆ ಮಾತು ಬೆಳೆದು ವಿಷಯ ಮುನ್ಸಿಫ್ ಕೋರ್ಟಿಗೆ ಹೋಯಿತು.

ಮೊದಲ ಖರ್ಚು ದಾಖಲೆಯದು. 1956ರ ನವೆಂಬರ್ 1ರವರೆಗೆ ಕಾಸರಗೋಡು ಪ್ರದೇಶ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಹಾಗಾಗಿ ಅಜ್ಜನ ಕಾಲದ ಕ್ರಯಪತ್ರ, ವಿಭಾಗಪತ್ರ, ಮೂಲಗೇಣಿ ಚೀಟು ಮುಂತಾದವು ಕನ್ನಡದಲ್ಲಿವೆ. ಅದೂ ಈಗಿನವರು ಓದಲು ತಿಣುಕುವ ಕೈಬರಹದ ಮೋಡಿಯಲ್ಲಿ. ನ್ಯಾಯಾಲಯದ ಕಲಾಪ ನಡೆಯುವುದು ಇಂಗ್ಲಿಷ್ ಮತ್ತು ಮಲಯಾಳದಲ್ಲಿ. ದಾಖಲೆಯನ್ನು ಭಾಷಾಂತರ ಮಾಡಿಸಿ ಕೊಡುವ ಹೊಣೆ ಅದನ್ನು ತಂದವನದು. ಬರೆದವರ ಭಾಷೆಯೂ ಕನ್ನಡ, ತಂದವರ ಭಾಷೆಯೂ ಕನ್ನಡ, ಜಗಳವಾಡುವ ಇಬ್ಬರೂ ಮನೆಯಲ್ಲಿ ಮಾತನಾಡುವುದು ತುಳುವೋ ಕನ್ನಡವೋ. ಆದರೂ ಪುಟಕ್ಕೆ ಇಷ್ಟೆಂದು ಕೊಟ್ಟು ಬೇರೆ ಭಾಷೆಗೆ ತಿರುಗಿಸಬೇಕು. ಚೆಕ್ಕುಬಂದಿಯಲ್ಲಿ ಬರೆದ ‘ಕಟ್ಟಹುಣಿ’ ಎಂಬ ಒಂದು ಪದ ತಪ್ಪಾಗಿ ತಿರುಗಿದರೆ ಎರಡು ವರ್ಷದ ವಾದ ಅದರ ಮೇಲೇ ನಡೆದೀತು.

ಎರಡನೆಯದು ಕಮಿಷನ್. ಗಡಿತಂಟೆ ಎಂದ ಮೇಲೆ ವಕೀಲ ಕಮಿಷನರು ಸರ್ವೇಯರನ್ನು ಕರೆದುಕೊಂಡು ಜಾಗಕ್ಕೆ ಬಂದು ಅಳೆದು ನಕ್ಷೆ ಕೊಡಬೇಕು. ಅದಕ್ಕೆ ಅರ್ಜಿ ಹಾಕಿದವನು ಮುಂಗಡ ಹಣ ಕಟ್ಟಬೇಕು. ಬರುವ ದಿನ ವಾಹನ, ಅಳತೆಯ ಸರಪಳಿ ಹಿಡಿಯಲು ಆಳು, ಮಧ್ಯಾಹ್ನದ ಊಟ. ನಕ್ಷೆ ಒಬ್ಬನಿಗೆ ಒಪ್ಪಿಗೆಯಾಗದಿದ್ದರೆ ಆಕ್ಷೇಪ, ಆಕ್ಷೇಪ ನಿಂತರೆ ಇನ್ನೊಂದು ಕಮಿಷನ್. ಡಿಕ್ರಿಯ ಪಟ್ಟಿಯಲ್ಲಿ ಕಮಿಷನರ ಫೀಸು ಬರುತ್ತದೆ. ಉಳಿದದ್ದು ಬರುವುದಿಲ್ಲ.

ಮೂರನೆಯದು ಸಾಕ್ಷಿ. ತೋಡು ಮೊದಲು ಎಲ್ಲಿ ಹರಿಯುತ್ತಿತ್ತು ಎಂದು ಹೇಳಬಲ್ಲವರು ಊರಲ್ಲಿ ಒಬ್ಬಿಬ್ಬರು ಹಿರಿಯರು ಮಾತ್ರ. ಸಂಹಿತೆಯ 16ನೇ ಆರ್ಡರ್ ಪ್ರಕಾರ ಸಾಕ್ಷಿಗೆ ಸಮನ್ಸ್ ಕಳಿಸಬೇಕಾದರೆ ಅವರ ಪ್ರಯಾಣ ಮತ್ತು ಭತ್ಯೆಯ ಹಣವನ್ನು ಕರೆಸುವವನು ಮೊದಲೇ ಕೋರ್ಟಿನಲ್ಲಿ ಕಟ್ಟಬೇಕು. ಎಪ್ಪತ್ತು ದಾಟಿದ ಹಿರಿಯರನ್ನು ಬೆಳಗ್ಗಿನ ಬಸ್ಸಿನಲ್ಲಿ ಕರೆತಂದು ಕೋರ್ಟಿನ ವರಾಂಡದಲ್ಲಿ ಕೂರಿಸಿದರೆ, ಅಂದು ನ್ಯಾಯಾಧೀಶರಿಗೆ ರಜೆ, ಇಲ್ಲವೆ ಎದುರಿನ ವಕೀಲರು ಬೇರೆ ಕೋರ್ಟಿನಲ್ಲಿ. ವಾಯಿದೆ ಬಿತ್ತು, ಇನ್ನೊಂದು ತಾರೀಕಿಗೆ ಮತ್ತೆ ಬರಬೇಕು. ಸಾಕ್ಷಿಗೆ ಹೋಟೆಲಿನಲ್ಲಿ ಊಟ ಹಾಕಿಸಿದ್ದನ್ನು ಯಾರೂ ಖರ್ಚೆಂದು ಬರೆದಿಡುವುದಿಲ್ಲ. ಬರೆದಿಟ್ಟರೆ ಪಾಟೀಸವಾಲಿನಲ್ಲಿ ಎದುರಿನ ವಕೀಲರಿಗೆ ಅದೇ ಒಂದು ಒಳ್ಳೆಯ ಪ್ರಶ್ನೆ.

1976ರ ತಿದ್ದುಪಡಿಯಲ್ಲಿ ಸೇರಿದ 20ಎ ಆರ್ಡರ್ ಈ ಏಳು ಬಾಬ್ತುಗಳ ಪಟ್ಟಿಯನ್ನು ಸ್ವಲ್ಪ ಹಿಗ್ಗಿಸಿತು. ದಾವೆಗೆ ಮುನ್ನ ಕೊಟ್ಟ ನೋಟಿಸಿನ ಖರ್ಚು, ಟೈಪು ಮತ್ತು ಮುದ್ರಣ, ದಾಖಲೆ ಪರಿಶೀಲನೆಯ ಶುಲ್ಕ, ಸಮನ್ಸ್ ಇಲ್ಲದೆ ತಾನೇ ಕರೆತಂದ ಸಾಕ್ಷಿಯ ಖರ್ಚು, ಮೇಲ್ಮನವಿಗೆ ಬೇಕಾದ ತೀರ್ಪಿನ ಪ್ರತಿಯ ಖರ್ಚು ಇವನ್ನೂ ಕೊಡಿಸಬಹುದು. ಇಲ್ಲೂ ಭಾಷಾಂತರದ ಹೆಸರಿಲ್ಲ. ಸಂಹಿತೆ ಬರೆದವರ ಕಣ್ಣ ಮುಂದೆ ಗಡಿನಾಡಿನ ಕಕ್ಷಿದಾರ ಇರಲಿಲ್ಲ ಎಂಬುದು ಸ್ಪಷ್ಟ.

ಗಡಿ ದಾಟಿದರೆ ದರ ಬೇರೆ

ಇನ್ನು ಕೋರ್ಟ್ ಫೀ. ಇದು ಸರಕಾರಕ್ಕೆ ಸಂದಾಯವಾಗುವ ಹಣ, ರಾಜ್ಯದಿಂದ ರಾಜ್ಯಕ್ಕೆ ಬೇರೆ ಬೇರೆ. ತಮಿಳುನಾಡು 2017ರಲ್ಲಿ ತನ್ನ ಕಾನೂನಿಗೆ ತಿದ್ದುಪಡಿ ತಂದು ಮೌಲ್ಯಾಧಾರಿತ ಶುಲ್ಕವನ್ನು ಶೇ. 7.5ರಿಂದ ಶೇ. 3ಕ್ಕೆ ಇಳಿಸಿತು. ಹೊಸೂರು ಅಥವಾ ತಾಳವಾಡಿಯ ವ್ಯಾಪಾರಿಯೊಬ್ಬ 10 ಲಕ್ಷ ರೂ. ಸಾಲ ವಸೂಲಿಗೆ ದಾವೆ ಹೂಡಿದರೆ ಮೊದಲು 75,000 ರೂ. ಕಟ್ಟಬೇಕಿದ್ದದ್ದು 30,000ಕ್ಕೆ ಬಂತು. ಕೇರಳದಲ್ಲಿ ಬಹುಕಾಲ ಜಾರಿಯಲ್ಲಿದ್ದ ದರಪಟ್ಟಿಯಲ್ಲಿ 50,000 ರೂ.ಗಿಂತ ಮೇಲೆ 10 ಲಕ್ಷದವರೆಗಿನ ಮೊತ್ತಕ್ಕೆ ಶೇ. 10. ಆ ಲೆಕ್ಕದಲ್ಲಿ ಅದೇ 10 ಲಕ್ಷದ ದಾವೆಗೆ 98,400 ರೂ. ಆಗುತ್ತಿತ್ತು. ಒಂದೇ ಸಾಲ, ಒಂದೇ ಪ್ರಾಮಿಸರಿ ನೋಟು, ಗಡಿಯ ಆಚೆ ಈಚೆ ಮೂರು ಪಟ್ಟು ಅಂತರ. ಕೇರಳದಲ್ಲಿ ಒಂದು ಅನುಕೂಲ ಇಲ್ಲದಿಲ್ಲ. ಇಂಥ ದಾವೆಗಳಲ್ಲಿ ಆರಂಭಕ್ಕೆ ಶುಲ್ಕದ ಹತ್ತನೆಯ ಒಂದು ಪಾಲು ಕಟ್ಟಿ, ಉಳಿದದ್ದನ್ನು ವಿವಾದಾಂಶಗಳು ನಿಗದಿಯಾದ ಮೇಲೆ ಕಟ್ಟಬಹುದು. ನೋಟಿಸು ತಲುಪಿದ ಕೂಡಲೇ ಎದುರಿನವನು ರಾಜಿಗೆ ಬಂದರೆ ದೊಡ್ಡ ಮೊತ್ತ ಉಳಿಯುತ್ತದೆ.

ಕೇರಳ ಸರಕಾರ ಇತ್ತೀಚೆಗೆ ಎರಡು ವರ್ಷ ಸತತವಾಗಿ ಈ ಶುಲ್ಕಕ್ಕೆ ಕೈ ಹಾಕಿತು. 2024ರ ಬಜೆಟಿನಲ್ಲಿ ಚೆಕ್ ಅಮಾನ್ಯ ಪ್ರಕರಣ ಮತ್ತು ಕುಟುಂಬ ನ್ಯಾಯಾಲಯದ ಆಸ್ತಿ ಅರ್ಜಿಗಳ ಶುಲ್ಕ ಏರಿಕೆಯನ್ನು ಪ್ರಕಟಿಸಲಾಯಿತು. ಅದುವರೆಗೆ ಚೆಕ್ ಪ್ರಕರಣಕ್ಕೆ 10 ರೂ. ಇದ್ದದ್ದು, 10,000 ರೂ.ವರೆಗಿನ ಚೆಕ್ಕಿಗೆ 250 ರೂ., ಅದಕ್ಕೂ ಮೇಲ್ಪಟ್ಟರೆ ಮೊತ್ತದ ಶೇ. 5, ಗರಿಷ್ಠ 3 ಲಕ್ಷ ಎಂದಾಯಿತು. ಕುಟುಂಬ ನ್ಯಾಯಾಲಯದಲ್ಲಿ 50 ರೂ. ಇದ್ದದ್ದು, 1 ಲಕ್ಷದವರೆಗಿನ ಆಸ್ತಿಗೆ 200 ರೂ., 5 ಲಕ್ಷದವರೆಗೆ ಶೇ. ಅರ್ಧ, ಅದರ ಮೇಲೆ ಶೇ. 1, ಗರಿಷ್ಠ 2 ಲಕ್ಷ. 2025ರ ಬಜೆಟಿನಲ್ಲಿ ಇತರ ಶುಲ್ಕಗಳನ್ನೂ ಪರಿಷ್ಕರಿಸಿ 150 ಕೋಟಿ ರೂ. ಹೆಚ್ಚುವರಿ ವರಮಾನದ ನಿರೀಕ್ಷೆ ಇರಿಸಲಾಯಿತು. ಭೂತೆರಿಗೆ ಶೇ. 50 ಏರಿದ್ದೂ ಅದೇ ಬಜೆಟಿನಲ್ಲಿ. ಕೃಷಿಕನಿಗೆ ಜಾಗ ಇಟ್ಟುಕೊಳ್ಳಲೂ ಹೆಚ್ಚು, ಅದೇ ಜಾಗದ ಬಗ್ಗೆ ಕೋರ್ಟಿಗೆ ಹೋಗಲೂ ಹೆಚ್ಚು.

ಕುಟುಂಬ ನ್ಯಾಯಾಲಯದ ವಿಷಯದಲ್ಲಿ ಇದು ಬರೀ ಅಂಕಿಯ ಮಾತಲ್ಲ. ಅಲ್ಲಿಗೆ ಆಸ್ತಿ ಅರ್ಜಿ ಹಿಡಿದು ಹೋಗುವವರಲ್ಲಿ ಮದುವೆಯ ಸಂದರ್ಭ ತವರಿನಿಂದ ತಂದ ಚಿನ್ನವನ್ನು ಹಿಂದಕ್ಕೆ ಕೇಳುವ ಹೆಣ್ಣುಮಕ್ಕಳು ಬಹಳ. ಈಗಿನ ಚಿನ್ನದ ಬೆಲೆಯಲ್ಲಿ ಹಿಂದೆ ಸಾಧಾರಣವೆನಿಸಿದ ಆಭರಣವೂ ಹತ್ತಾರು ಲಕ್ಷ ಆಗುತ್ತದೆ. 30 ಲಕ್ಷದ ಅರ್ಜಿಗೆ ಶೇ. 1 ಎಂದರೆ 30,000 ರೂ. ಚಿನ್ನ ಕೈಯಲ್ಲಿ ಇಲ್ಲದ ಕಾರಣಕ್ಕೇ ಕೋರ್ಟಿಗೆ ಬಂದವಳಿಂದ ಆ ಚಿನ್ನದ ಬೆಲೆಯ ಮೇಲೆ ಮುಂಗಡ ಕೇಳುವುದು ಹೇಗೆ ಸರಿ ಎಂಬ ಪ್ರಶ್ನೆಗೆ ತೃಪ್ತಿಕರ ಉತ್ತರ ಬಂದಂತಿಲ್ಲ. ಮಹಾರಾಷ್ಟ್ರ 1994ರಷ್ಟು ಹಿಂದೆಯೇ ಜೀವನಾಂಶ, ವಿಚ್ಛೇದನ, ದೌರ್ಜನ್ಯ ಮುಂತಾದ ಪ್ರಕರಣಗಳಲ್ಲಿ ಮಹಿಳೆಯರಿಗೆ ಕೋರ್ಟ್ ಫೀ ಮನ್ನಾ ಮಾಡಿತ್ತು. ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಹೆಣ್ಣುಮಕ್ಕಳಿಗೆ ಇರುವ ಸೌಲಭ್ಯ ಇದು.

ಹೆಚ್ಚಿನ ಶುಲ್ಕವನ್ನು ಪ್ರಶ್ನಿಸಿದವರು ಇಲ್ಲದಿಲ್ಲ. ಕರ್ನಾಟಕದ ಶುಲ್ಕ ಕಾನೂನನ್ನು ಪ್ರಶ್ನಿಸಿದ ಅಶ್ವತ್ಥನಾರಾಯಣ ಶೆಟ್ಟಿ ಪ್ರಕರಣದಲ್ಲಿ 1988ರಲ್ಲಿ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು. ಆದರೆ ಶುಲ್ಕವನ್ನು ಹದಕ್ಕೆ ತರುವ ಬಗ್ಗೆ ರಾಜ್ಯಗಳು ಯೋಚಿಸಬೇಕೆಂದೂ ಹೇಳಿತು. ಬಳಿಕ ಮದ್ರಾಸಿನ ಶುಲ್ಕದ ಪ್ರಕರಣದಲ್ಲೂ ಮೌಲ್ಯಾಧಾರಿತ ಶುಲ್ಕ ಸಿಂಧು ಎಂದೇ ತೀರ್ಪಾಯಿತು. ಕೋರ್ಟು ತಡೆಯದ ಕಾರಣ ಇದು ಪೂರ್ತಿಯಾಗಿ ಸರಕಾರಗಳ ಇಚ್ಛೆಗೆ ಬಿಟ್ಟ ವಿಷಯ. ತಮಿಳುನಾಡು ಇಳಿಸಿತು, ಕೇರಳ ಏರಿಸಿತು.

ಮೂರು ಸಾವಿರದ ಮಿತಿ

ಕೋರ್ಟ್ ಫೀ ಗೆದ್ದವನಿಗೆ ಸೋತವನಿಂದ ಸಿಗಬೇಕಾದ ಹಣ. ಆದರೂ ಅನೇಕ ತೀರ್ಪುಗಳ ಕೊನೆಯಲ್ಲಿ ಉಭಯ ಪಕ್ಷಗಳೂ ತಮ್ಮ ತಮ್ಮ ಖರ್ಚು ತಾವೇ ಹೊರತಕ್ಕದ್ದು ಎಂಬ ಒಂದು ಸಾಲು ಇರುತ್ತದೆ. ಅಣ್ಣ ತಮ್ಮಂದಿರ, ನೆರೆಹೊರೆಯವರ ದಾವೆಯಲ್ಲಿ ಇನ್ನಷ್ಟು ಮನಸ್ತಾಪ ಬೇಡ ಎಂಬ ಸದುದ್ದೇಶ ಅದರ ಹಿಂದೆ ಇರಬಹುದು. ಪರಿಣಾಮ ಮಾತ್ರ ಬೇರೆ. ಸುಳ್ಳು ದಾವೆ ಹೂಡಿ ಹತ್ತು ವರ್ಷ ಎಳೆದವನಿಗೂ, ತನ್ನ ಜಾಗ ಉಳಿಸಿಕೊಳ್ಳಲು ಬಂದವನಿಗೂ ಒಂದೇ ಬಿಲ್ಲು. ಖರ್ಚು ಕೊಡಿಸಿದಾಗಲೂ ವಕೀಲರ ಫೀಸಿನ ಬಾಬ್ತಿನಲ್ಲಿ ಬರುವುದು ನಿಯಮದ ದರ. ಕಕ್ಷಿದಾರ ಕೊಟ್ಟದ್ದಕ್ಕೂ ಅದಕ್ಕೂ ಸಂಬಂಧ ಕಡಿಮೆ.

ಸುಳ್ಳು ಮತ್ತು ಕಿರುಕುಳದ ದಾವೆಗೆಂದೇ 35ಎ ಸೆಕ್ಷನ್ ಇದೆ. ಅದರಡಿ ಪರಿಹಾರವಾಗಿ ಕೊಡಿಸಬಹುದಾದ ಗರಿಷ್ಠ ಮೊತ್ತ 3,000 ರೂ. ಮೊದಲು 1,000 ಇದ್ದದ್ದನ್ನು 1976ರ ತಿದ್ದುಪಡಿಯಲ್ಲಿ ಹೀಗೆ ಏರಿಸಲಾಯಿತು, ಆಮೇಲೆ ಮುಟ್ಟಿಲ್ಲ. ಅಂದಿನ 3,000 ಒಂದು ಮೊತ್ತವೇ. ಇಂದು ಸುಳ್ಳುದಾವೆಗಾರನಿಗೆ ಅದು ಕೆಲವು ದಿನದ ಕೂಲಿ. ವಿಳಂಬ ಮಾಡಿದವನಿಂದ ಆ ದಿನದ ಖರ್ಚು ಕೊಡಿಸಲು 35ಬಿ ಇದೆ. ಹಣ ಕಟ್ಟದೆ ಆತ ಮುಂದೆ ದಾವೆ ನಡೆಸುವಂತಿಲ್ಲ. 2002ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಸಾಕ್ಷಿ ವಿಚಾರಣೆಯ ಹಂತದಲ್ಲಿ ಒಂದು ಪಕ್ಷಕ್ಕೆ ಮೂರಕ್ಕಿಂತ ಹೆಚ್ಚು ವಾಯಿದೆ ಇಲ್ಲ. ಕೋರ್ಟಿನ ಮೆಟ್ಟಲು ಹತ್ತಿದ ಯಾರನ್ನು ಕೇಳಿದರೂ ಈ ಮೂರು ಎಂಬ ಸಂಖ್ಯೆಗೆ ನಕ್ಕಾರು.

ಸುಪ್ರೀಂ ಕೋರ್ಟಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ 2005ರಲ್ಲೇ, ಖರ್ಚು ಕೊಡಿಸದಿರುವುದು ಅಥವಾ ಹೆಸರಿಗೆ ಮಾತ್ರ ಕೊಡಿಸುವುದು ಕೆಟ್ಟ ಕಕ್ಷಿದಾರರಿಗೆ ಅನುಕೂಲವಾಗುತ್ತಿದೆ, ಕೊಡಿಸುವುದು ನಿಜವಾದ ಮತ್ತು ಸಮಂಜಸವಾದ ಖರ್ಚಾಗಿರಬೇಕು ಎಂದು ಅದು ಹೇಳಿತು. ಆದರೆ ದಿಲ್ಲಿಯ ಹೈಕೋರ್ಟ್ ಒಂದು ಪ್ರಕರಣದಲ್ಲಿ ನಿಜಖರ್ಚೆಂದು 45,28,000 ರೂ. ಕೊಡಿಸಿದಾಗ, 2011ರಲ್ಲಿ ಅದೇ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಈಗಿರುವ ನಿಯಮಗಳ ಚೌಕಟ್ಟನ್ನು ಮೀರಿ ಕೊಡಿಸಲಾಗದು, ಬೇಕಿದ್ದರೆ ನಿಯಮವನ್ನೇ ತಿದ್ದಬೇಕು ಎಂಬುದು ಅದರ ನಿಲುವು. ಅಂದರೆ ರೋಗ ಗೊತ್ತು, ಮದ್ದು ಗೊತ್ತು, ಚೀಟಿ ಬರೆಯಬೇಕಾದವರು ಬೇರೆ.

ಕೊಡಿಸಿದ ಖರ್ಚೂ ತಾನಾಗಿ ಕೈಗೆ ಬರುವುದಿಲ್ಲ. ಅದಕ್ಕೆ ಅಮಲ್ಜಾರಿ ಅರ್ಜಿ ಹಾಕಬೇಕು. ತಮಿಳುನಾಡಿನಲ್ಲಿ 1986ರಲ್ಲಿ ಆರಂಭವಾದ ದಾವೆಯೊಂದರ ಅಮಲ್ಜಾರಿ 2025ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಇಂಥ ಅರ್ಜಿಗಳನ್ನು ಆರು ತಿಂಗಳೊಳಗೆ ಮುಗಿಸುವಂತೆ ನೋಡಿಕೊಳ್ಳಲು ಅದು ಎಲ್ಲ ಹೈಕೋರ್ಟುಗಳಿಗೆ ಸೂಚಿಸಿತು. ಆಗ ತರಿಸಿಕೊಂಡ ಲೆಕ್ಕದಲ್ಲಿ ದೇಶದ ಕೆಳ ನ್ಯಾಯಾಲಯಗಳಲ್ಲಿ ಬಾಕಿ ಇದ್ದ ಅಮಲ್ಜಾರಿ ಅರ್ಜಿಗಳು 8.8 ಲಕ್ಷಕ್ಕೂ ಹೆಚ್ಚು. ಇವರೆಲ್ಲ ಗೆದ್ದವರು ಎಂಬುದನ್ನು ಮರೆಯಬಾರದು.

ಜ್ಯೂರಿಯ ದಿನಗೂಲಿ

ನ್ಯಾಯಾಧೀಶರೊಬ್ಬರ ಬದಲು ಊರಿನ ಹತ್ತಾರು ಜನ ಕುಳಿತು ಸಿವಿಲ್ ದಾವೆ ತೀರ್ಮಾನಿಸುವ ಕಡೆ ಖರ್ಚಿನ ಪ್ರಶ್ನೆ ಇನ್ನೂ ನೇರವಾಗಿ ಎದುರಾಗುತ್ತದೆ. ಆ ಜನರ ದಿನಗೂಲಿ ಯಾರು ಕೊಡಬೇಕು? ಅಮೆರಿಕದ ಸಂವಿಧಾನದ ಏಳನೇ ತಿದ್ದುಪಡಿ 1791ರಲ್ಲಿ, 20 ಡಾಲರಿಗೆ ಮೇಲ್ಪಟ್ಟ ಸಿವಿಲ್ ವಿವಾದಗಳಲ್ಲಿ ಜ್ಯೂರಿಯ ಹಕ್ಕನ್ನು ಕೊಟ್ಟಿತು. ಅಲ್ಲಿಯ ಫೆಡರಲ್ ನ್ಯಾಯಾಲಯಗಳಲ್ಲಿ ಜ್ಯೂರಿ ಸದಸ್ಯನಿಗೆ ದಿನಕ್ಕೆ 50 ಡಾಲರ್ ಕೊಡುವುದು ಸರಕಾರ. ಆದರೆ ಕ್ಯಾಲಿಫೋರ್ನಿಯಾದಂಥ ರಾಜ್ಯದ ಕೋರ್ಟಿನಲ್ಲಿ ಜ್ಯೂರಿ ಬೇಕೆಂದ ಪಕ್ಷವೇ ಮೊದಲು 150 ಡಾಲರ್ ಕಟ್ಟಬೇಕು. ಅದು ಹಿಂದಕ್ಕೆ ಬಾರದ ಹಣ. ವಿಚಾರಣೆ ಶುರುವಾದ ಮೇಲೆ ದಿನದಿನದ ಜ್ಯೂರಿ ಭತ್ಯೆಯನ್ನೂ ಕಟ್ಟುತ್ತಾ ಹೋಗಬೇಕು, ಕಟ್ಟದಿದ್ದರೆ ಜ್ಯೂರಿಯ ಹಕ್ಕು ಹೋಯಿತು. ಗೆದ್ದರೆ ಆ ಮೊತ್ತವನ್ನು ಸೋತವನಿಂದ ವಸೂಲು ಮಾಡಬಹುದು.

ವಕೀಲರ ಫೀಸು ಮಾತ್ರ ಗೆದ್ದರೂ ಸೋತರೂ ಅವರವರದೇ. ಇದಕ್ಕೆ ಅಮೆರಿಕನ್ ನಿಯಮ ಎಂದೇ ಹೆಸರು. ಹಾಗಾದರೆ ಬಡವ ಹೇಗೆ ದಾವೆ ಹೂಡುತ್ತಾನೆ? ಗೆದ್ದರೆ ಬಂದ ಪರಿಹಾರದಲ್ಲಿ ಒಂದು ಪಾಲು, ಸೋತರೆ ಏನೂ ಇಲ್ಲ ಎಂಬ ಕರಾರಿನ ಮೇಲೆ ಅಲ್ಲಿಯ ವಕೀಲರು ಅಪಘಾತ ಮುಂತಾದ ದಾವೆಗಳನ್ನು ಹಿಡಿಯುತ್ತಾರೆ. ಭಾರತದಲ್ಲಿ ಇಂಥ ಪಾಲುಗಾರಿಕೆಯನ್ನು ಬಾರ್ ಕೌನ್ಸಿಲಿನ ನಿಯಮ ನಿಷೇಧಿಸಿದೆ. ಇಂಗ್ಲೆಂಡಿನಲ್ಲಿ ನಿಯಮ ನಮ್ಮದರಂತೆ, ಸೋತವನೇ ಕೊಡಬೇಕು. ಆದರೆ ಅಲ್ಲಿ 2013ರಿಂದ ದೇಹಕ್ಕೆ ಗಾಯವಾದವನು ಪರಿಹಾರಕ್ಕೆ ದಾವೆ ಹೂಡಿ ಪ್ರಾಮಾಣಿಕವಾಗಿ ಸೋತರೆ ಸಾಮಾನ್ಯವಾಗಿ ಎದುರಿನವನ ಖರ್ಚು ಕೊಡಬೇಕಾಗಿಲ್ಲ. ಸಿವಿಲ್ ಜ್ಯೂರಿ ಅಲ್ಲಿ ಈಗ ವಂಚನೆ, ಅಕ್ರಮ ಬಂಧನದಂಥ ಕೆಲವೇ ಪ್ರಕರಣಗಳಿಗೆ ಉಳಿದಿದೆ.

ಭಾರತದಲ್ಲಿ ಕ್ರಿಮಿನಲ್ ಪ್ರಕರಣಗಳ ಜ್ಯೂರಿ 1959ರ ನಾನಾವತಿ ಪ್ರಕರಣದ ಬಳಿಕ ಕ್ರಮೇಣ ಕಣ್ಮರೆಯಾಯಿತು. ಜಾಗದ ತಂಟೆಗೆ ಜ್ಯೂರಿ ಇಲ್ಲಿ ಬಳಕೆಗೆ ಬರಲಿಲ್ಲ. ಅದರ ಒಂದು ಕುರುಹು 1936ರ ಪಾರ್ಸಿ ವಿವಾಹ ಕಾಯ್ದೆಯಲ್ಲಿದೆ. ಮುಂಬಯಿಯಂಥ ಕಡೆ ಪಾರ್ಸಿಗಳ ವಿಚ್ಛೇದನ ಪ್ರಕರಣದಲ್ಲಿ ನ್ಯಾಯಾಧೀಶರ ಜತೆ ಅದೇ ಸಮುದಾಯದ ಐದು ಪ್ರತಿನಿಧಿಗಳು ಕುಳಿತುಕೊಳ್ಳುತ್ತಾರೆ.

ಕ್ಯಾಲಿಫೋರ್ನಿಯಾದಲ್ಲಿ ಜ್ಯೂರಿಯವನಿಗೆ ಸಿಗುವ ಭತ್ಯೆ ದಿನಕ್ಕೆ 15 ಡಾಲರ್, ಅದೂ ಎರಡನೇ ದಿನದಿಂದ. ಅಲ್ಲಿ ನೆಲೆಸಿ ಪೌರತ್ವ ಪಡೆದ ಕನ್ನಡಿಗರ ಮನೆಗೂ ಈ ಸಮನ್ಸು ಬರುತ್ತದೆ. ಒಂದು ದಿನದ ದುಡಿಮೆಗೆ ಹೋಲಿಸಿದರೆ ಅದು ಏನೂ ಅಲ್ಲ. ಆದರೂ ಒಂದು ವ್ಯತ್ಯಾಸ ಇದೆ. ಕರೆಸಿ ಕೂರಿಸಿದವರ ದಿನಕ್ಕೆ ಒಂದು ಬೆಲೆ ಕಟ್ಟಿ, ಅದನ್ನು ಯಾರು ಕೊಡಬೇಕೆಂದು ಅಲ್ಲಿ ಮೊದಲೇ ಬರೆದಿಟ್ಟಿದ್ದಾರೆ. ಇಲ್ಲಿ ಕಾಸರಗೋಡಿನ ವರಾಂಡದಲ್ಲಿ ಕುಳಿತು ಸಂಜೆ ಬರಿಗೈಯಲ್ಲಿ ಬಸ್ಸು ಹತ್ತುವ ಕಕ್ಷಿದಾರನ ದಿನಕ್ಕೆ ಯಾವ ಬಾಬ್ತಿನಲ್ಲೂ ಬೆಲೆ ಬರೆದಿಲ್ಲ. ಕೊಯ್ಲಿನ ಆಳು ಬಂದ ದಿನವೇ ತಾರೀಕು ಬಿದ್ದರೆ ಅಡಿಕೆಯೂ ಹೋಯಿತು, ಆಳೂ ಹೋಯಿತು.

ಮೇಲಿನ ಕೋರ್ಟಿನ ದಾರಿ

ದೂರದ ಖರ್ಚು ಮೇಲ್ಮನವಿಯಲ್ಲಿ ಎದ್ದು ಕಾಣುತ್ತದೆ. ಮಂಜೇಶ್ವರದವನಿಗೆ ಮಂಗಳೂರು ಕಣ್ಣಳತೆಯಲ್ಲಿದೆ, ಆದರೆ ಅವನ ಎರಡನೇ ಅಪೀಲು ಹೋಗುವುದು ಸುಮಾರು 400 ಕಿ.ಮೀ. ದೂರದ ಎರ್ನಾಕುಳಕ್ಕೆ. ತಾಳವಾಡಿಯವರು ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಟ್ಟದ 27 ತಿರುವು ಇಳಿಯಬೇಕು, ಹೈಕೋರ್ಟು ಬೇಕೆಂದರೆ ಚೆನ್ನೈ. ಆದವಾನಿ, ಮಡಕಶಿರಾದವರಿಗೆ ಹೈದರಾಬಾದು ಇದ್ದದ್ದು 2019ರಿಂದ ಅಮರಾವತಿಯ ಕಡೆಗೆ ತಿರುಗಿತು. ಹೈಕೋರ್ಟಿನ ಭಾಷೆ ಸಂವಿಧಾನದ 348ನೇ ವಿಧಿಯಂತೆ ಇಂಗ್ಲಿಷ್. ಕೆಳಕೋರ್ಟಿನಲ್ಲಿ ಮಲಯಾಳಕ್ಕೆ ತಿರುಗಿಸಿದ ಕನ್ನಡ ಕಾಗದ ಅಲ್ಲಿಗೆ ಹೋಗುವಾಗ ಮತ್ತೊಮ್ಮೆ ತಿರುಗಬೇಕು, ಮತ್ತೊಮ್ಮೆ ಹಣ.

ಈ ವಿಷಯದಲ್ಲಿ ಇತ್ತೀಚಿನ ನೆಮ್ಮದಿಯ ಸುದ್ದಿ ಎಂದರೆ ಕೊಲ್ಹಾಪುರದ್ದು. ಬಾಂಬೆ ಹೈಕೋರ್ಟಿನ ಸಂಚಾರಿ ಪೀಠ ಅಲ್ಲಿ 2025ರ ಆಗಸ್ಟ್ 18ರಿಂದ ಕೆಲಸ ಆರಂಭಿಸಿತು. ಸೋಲಾಪುರ ಮತ್ತು ಸಾಂಗ್ಲಿ ಜಿಲ್ಲೆಗಳು ಅದರ ವ್ಯಾಪ್ತಿಯಲ್ಲಿವೆ. ಅಕ್ಕಲಕೋಟೆಯ, ಜತ್ತದ ಕನ್ನಡ ರೈತ ರಾತ್ರಿ ರೈಲು ಹಿಡಿದು ಮುಂಬಯಿಗೆ ಹೋಗಿ ವಸತಿಗೃಹದಲ್ಲಿ ಉಳಿಯುವುದು ತಪ್ಪಿತು. ದಾವೆಯ ಖರ್ಚು ತಗ್ಗಿಸಲು ಕಾನೂನು ತಿದ್ದುವುದೊಂದೇ ದಾರಿಯಲ್ಲ, ಕೋರ್ಟನ್ನೇ ಹತ್ತಿರ ತರಬಹುದು ಎಂಬುದಕ್ಕೆ ಇದು ನಿದರ್ಶನ. ಅದಕ್ಕಾಗಿ ಆ ಭಾಗದ ವಕೀಲರೂ ಜನರೂ ದಶಕಗಳ ಕಾಲ ಬೇಡಿಕೆ ಇಡಬೇಕಾಯಿತು ಎಂಬುದು ಬೇರೆ ಮಾತು.

ಕೇಳಿದರೆ ಸಿಗುವುದು

ಖರ್ಚಿನ ಹೊರೆ ಇಳಿಸಿಕೊಳ್ಳಲು ಈಗಲೇ ಇರುವ ಕೆಲವು ದಾರಿಗಳು ಹಳ್ಳಿಯವರಿಗೆ ತಲುಪಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಉಂಟು. ವಕೀಲರಷ್ಟೇ ಅಲ್ಲ, ಕೋರ್ಟ್ ಫೀ ಮತ್ತು ಭಾಷಾಂತರದ ಖರ್ಚನ್ನೂ ಈ ನೆರವಿನಡಿ ಕೇಳಬಹುದು. ಉಳಿದವರಿಗೆ ರಾಜ್ಯ ನಿಗದಿ ಮಾಡಿದ ಆದಾಯ ಮಿತಿ ಇದೆ. ಅರ್ಜಿಯನ್ನು ಕನ್ನಡದಲ್ಲೇ ಬರೆದು ಕೊಡಬಾರದೇಕೆ ಎಂದು ಕೇಳುವವರು ಕಡಿಮೆ.

ಕೈಯಲ್ಲಿ ಏನೂ ಇಲ್ಲದವರಿಗೆ 33ನೇ ಆರ್ಡರಿನಡಿ ಶುಲ್ಕ ಕಟ್ಟದೆ ದಾವೆ ಹೂಡುವ ಅವಕಾಶ ಇದೆ. ಇದು ಮನ್ನಾ ಅಲ್ಲ, ಮುಂದೂಡಿಕೆ ಎಂಬುದನ್ನು ತಿಳಿದಿರಬೇಕು. ಸೋತರೆ ಆ ಶುಲ್ಕ ಅವನ ತಲೆಗೇ ಬರುತ್ತದೆ, ಗೆದ್ದರೆ ಸರಕಾರ ಮೊದಲು ತನ್ನ ಪಾಲು ತೆಗೆದುಕೊಳ್ಳುತ್ತದೆ. ಲೋಕ ಅದಾಲತಿನಲ್ಲಿ ರಾಜಿಯಾದರೆ ಕಟ್ಟಿದ ಶುಲ್ಕ ಹಿಂದಕ್ಕೆ ಬರುತ್ತದೆ. ತಮಿಳುನಾಡಿನ ಪ್ರಕರಣವೊಂದರಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್, ಕೋರ್ಟಿನ ಸೂಚನೆಯಿಲ್ಲದೆ ಪಕ್ಷಗಳು ತಾವಾಗಿ ಹೊರಗೆ ರಾಜಿಯಾದರೂ ಶುಲ್ಕ ಹಿಂದಿರುಗಿಸಬೇಕು ಎಂದಿತು. ಕೊಂಡ ಪಂಪ್‌ಸೆಟ್ಟು ಕೆಟ್ಟರೆ, ಬೀಜ ಹುಟ್ಟದಿದ್ದರೆ ಸಿವಿಲ್ ಕೋರ್ಟಿಗೆ ಹೋಗಬೇಕಿಲ್ಲ. ಗ್ರಾಹಕ ಆಯೋಗದಲ್ಲಿ ಕೊಟ್ಟ ಬೆಲೆ 5 ಲಕ್ಷ ರೂ.ವರೆಗೆ ಇದ್ದರೆ ಶುಲ್ಕವೇ ಇಲ್ಲ.

ದಾವೆ ನಡೆಯುತ್ತಿರುವವರು ಮಾಡಬೇಕಾದ ಕೆಲಸ ಇನ್ನೊಂದಿದೆ. ವಾದ ಮುಗಿಯುವ ಹೊತ್ತಿಗೆ ತಮ್ಮ ವಕೀಲರ ಮೂಲಕ ಖರ್ಚಿನ ಪಟ್ಟಿಯನ್ನು ಕೋರ್ಟಿಗೆ ಕೊಡಿಸಬೇಕು. ಅದರಲ್ಲಿ ನೋಟಿಸು, ಟೈಪು, ಸಾಕ್ಷಿಯ ಪ್ರಯಾಣ, ಕಮಿಷನ್ ಎಲ್ಲವೂ ರಶೀದಿಯ ಸಮೇತ ಇರಬೇಕು. ಭಾಷಾಂತರದ ರಶೀದಿಯನ್ನೂ ಸೇರಿಸಬೇಕು. 20ಎ ಆರ್ಡರಿನಲ್ಲಿ ಅದರ ಹೆಸರು ಇಲ್ಲದಿದ್ದರೂ, ಖರ್ಚು ಯಾರು ಎಷ್ಟು ಕೊಡಬೇಕೆಂಬುದನ್ನು 35ನೇ ಸೆಕ್ಷನ್ ನ್ಯಾಯಾಧೀಶರ ವಿವೇಚನೆಗೇ ಬಿಟ್ಟಿದೆ. ಕೇಳದ ಖರ್ಚನ್ನು ಯಾವ ನ್ಯಾಯಾಧೀಶರೂ ಕೊಡಿಸಲಾರರು.

ಉಳಿದದ್ದು ಸಂಸತ್ತಿನ ಕೆಲಸ. ಸಿವಿಲ್ ದಾವೆಗಳ ಖರ್ಚಿನ ಕುರಿತೇ ಕಾನೂನು ಆಯೋಗ 2012ರಲ್ಲಿ ತನ್ನ 240ನೇ ವರದಿ ಕೊಟ್ಟಿತ್ತು. 2015ರಲ್ಲಿ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬಂದಾಗ ಖರ್ಚಿನ ಸೆಕ್ಷನ್ನನ್ನು ಹೊಸದಾಗಿ ಬರೆಯಲಾಯಿತು. ವಕೀಲರ ಫೀಸು, ಸಾಕ್ಷಿಯ ಖರ್ಚು ಎಲ್ಲ ಸೇರಿಸಿ ಸೋತವನೇ ಕೊಡಬೇಕೆಂಬುದನ್ನು ಬಿಡಿಸಿ ಹೇಳಲಾಯಿತು, 3,000 ರೂ. ಮಿತಿಯನ್ನೂ ತೆಗೆಯಲಾಯಿತು. ಆದರೆ ಇದು ವಾಣಿಜ್ಯ ವಿವಾದಗಳಿಗೆ ಮಾತ್ರ. ಎರಡು ಕಂಪೆನಿಗಳ ನಡುವೆ ಸರಕಿನ ತಂಟೆಯಾದರೆ ಹೊಸ ನಿಯಮ, ಬದಿಯಡ್ಕದ ಕಡೆ ಎರಡು ತೋಟಗಳ ನಡುವಿನ ತೋಡಿನ ತಂಟೆಗೆ 1976ರ ಹಳೆಯ ಮೂರು ಸಾವಿರ.